ನೆರಳಿಗೆ ಇಟ್ಟ ತತ್ತಿ

ಆಗ ನನಗೆ ಐವತ್ತೊಂಬತ್ತು ವರ್ಷ. ಇದಾಗಿ ಮೂರು ವರ್ಷವಾಯಿತು. ನಿವೃತ್ತಿಗೆ ಹತ್ತು ತಿಂಗಳು ಉಳಿದಿರುವಾಗ ನನ್ನ ಮೇಲೆ ತತ್ತಿ ಕದ್ದ ಅಪವಾದ ಬಂತು. ನಾನು ಕದ್ದಿರಲಿಲ್ಲ. ಆದರೆ ಮಾಡಿದ್ದು ಕಳ್ಳತನಕ್ಕಿಂತ ದೊಡ್ಡ ತಪ್ಪು. ಅದನ್ನು ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಹೇಳಿಬಿಡಬೇಕು ಎಂದು ಬರೆಯುತ್ತಿದ್ದೇನೆ. ಬರಹ ನನ್ನ ಕೈಯದೇ. ಒತ್ತು, ದೀರ್ಘ ತಿದ್ದಿದವಳು ನಮ್ಮ ಸುಮಂಗಲಾ ಟೀಚರ್.

ಬಸವನ ಬಾಗೇವಾಡಿಯಿಂದ ಇಂಗಳೇಶ್ವರದ ಕಡೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಅಲ್ಲಿಯ ಅಂಗನವಾಡಿಯಲ್ಲಿ ನಾನು ಸಹಾಯಕಿ. ಮಕ್ಕಳ ಬಾಯಲ್ಲಿ ಆಯಿ, ದೊಡ್ಡವರಿಗೆ ಗುರುಬಾಯಿ. ಕೆಲಸ ಏನು ಎಂದರೆ, ಬೆಳಿಗ್ಗೆ ಕಸ ಗುಡಿಸುವುದು, ನೀರು ತುಂಬುವುದು, ಮನೆಮನೆಗೆ ಹೋಗಿ ಅಳುವ ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ತರುವುದು, ಉಪ್ಪಿಟ್ಟು ಕೆದಕುವುದು, ಮೂಗು ಒರೆಸುವುದು, ತೊಳೆಯಬೇಕಾದ್ದನ್ನು ತೊಳೆಯುವುದು. ಆದೇಶದ ಕಾಗದದಲ್ಲಿ ಇದನ್ನೆಲ್ಲ ಚಂದವಾಗಿ ಬರೆದಿರುತ್ತಾರೆ. ಮೂಗು ಮಾತ್ರ ಅದರಲ್ಲಿ ಇರುವುದಿಲ್ಲ.

ನಾನು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಕೆಲಸಕ್ಕೆ ಸೇರುವಾಗ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸಹಿ ಮಾಡುವುದನ್ನು ಮೊದಲ ಟೀಚರ್ ಕಲಿಸಿದಳು. ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ, ಈ ನಾಲ್ಕನ್ನು ಚೀಲ ಮತ್ತು ಡಬ್ಬಿಗಳ ಮೇಲೆ ನೋಡಿ ನೋಡಿ ಗುರುತು ಹಿಡಿದಿದ್ದೆ. ಓದಿ ಅಲ್ಲ. ನಮ್ಮ ಎಮ್ಮೆಯನ್ನು ಹಿಂಡಿನಲ್ಲಿ ಗುರುತು ಹಿಡಿಯುತ್ತೇವಲ್ಲ, ಹಾಗೆ. ಅಷ್ಟರಲ್ಲೇ ಇಪ್ಪತ್ತೊಂಬತ್ತು ವರ್ಷ ಸಾಗಿತು. ಅಕ್ಷರ ಬರುವುದಿಲ್ಲ ಎಂದು ಬಾಯಿ ಬಿಟ್ಟು ಯಾರಿಗೂ ಹೇಳುವ ಪ್ರಸಂಗ ಬರಲಿಲ್ಲ. ಬರದಂತೆ ನೋಡಿಕೊಂಡೆ ಎಂದರೂ ಸರಿ.

ನಮ್ಮ ಕೇಂದ್ರ ಇದ್ದದ್ದು ಬಾಡಿಗೆಯ ಹಳೆಯ ಮಾಳಿಗೆ ಮನೆಯಲ್ಲಿ. ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಊಟವಾದ ಮೇಲೆ ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಮಲಗಿಸಿ, ಗೋಡೆಗೆ ಬೆನ್ನು ಹಚ್ಚಿ ಕೂಡುತ್ತಿದ್ದೆ. ಬೆಳಕಿಂಡಿಯಿಂದ ಬಿದ್ದ ಬಿಸಿಲಿನ ರೊಟ್ಟಿ ನೆಲದ ಮೇಲೆ ಮೆಲ್ಲಗೆ ನಡೆಯುತ್ತಿತ್ತು. ಒಬ್ಬನ ಪಾದ ಮುಟ್ಟುವುದು, ಮುಂದಿನವಳ ಲಂಗ ಹತ್ತುವುದು, ಮತ್ತೊಬ್ಬನ ತೆರೆದ ಬಾಯಿಯ ಮೇಲೆ ನಿಂತಂತೆ ಕಾಣುವುದು. ಧೂಳು ಅದರಲ್ಲಿ ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ, ಸುಮ್ಮನೆ ಈಜಾಡುತ್ತಿತ್ತು. ಹೊರಗೆ ಗಾಳಿ, ಒಳಗೆ ಇಪ್ಪತ್ತು ಮಕ್ಕಳ ಉಸಿರು. ಎಚ್ಚರವೋ ನಿದ್ದೆಯೋ ನನಗೇ ತಿಳಿಯುತ್ತಿರಲಿಲ್ಲ. ಬಿಸಿಲು ಅಕ್ಕಿಯ ಡಬ್ಬಿ ಮುಟ್ಟಿದಾಗ ಮಕ್ಕಳನ್ನು ಎಬ್ಬಿಸಬೇಕು. ಅದೇ ನನ್ನ ಗಡಿಯಾರ. ಕೆಲವು ತಿಂಗಳು ಅದು ಡಬ್ಬಿಯನ್ನು ಮುಟ್ಟದೆ ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಆಗ ಡಬ್ಬಿಯನ್ನೇ ಆ ಕಡೆ ಸರಿಸುತ್ತಿದ್ದೆ. ಯಾಕೆ ಸರಿಯುತ್ತದೆ ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ನನಗೆ ಆಗ ಬೇಕಾದದ್ದು ಗಡಿಯಾರ, ಬುದ್ಧಿ ಅಲ್ಲ.

ಮೇಲಿನವರು ಹಲವರು ಬಂದು ಹೋದರು. ಮೊದಲ ಮೇಲ್ವಿಚಾರಕಿ ಪುಸ್ತಕ ಬಂದರೆ ಟ್ರಂಕಿನಲ್ಲಿಟ್ಟು ಕೀಲಿ ಹಾಕಿಸುತ್ತಿದ್ದಳು. ಹರಿದರೆ ಉತ್ತರ ಕೊಡುವವರು ಯಾರು ಎಂಬುದು ಅವಳ ಮಾತು. ಆ ಟ್ರಂಕಿನಲ್ಲಿ ಇಲಿ ಮರಿ ಹಾಕಿತು. ಉತ್ತರವನ್ನು ಯಾರೂ ಕೇಳಲಿಲ್ಲ. ಆಮೇಲೆ ಬಂದವಳು ಸಿಂದಗಿಯಲ್ಲಿ ತರಬೇತಿ ಇಟ್ಟು, ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಪುಸ್ತಕಗಳನ್ನು ಬಟ್ಟೆ ಒಣ ಹಾಕಿದಂತೆ ನೇತು ಹಾಕಲು ಹೇಳಿದಳು. ತೂಗುವುದೂ ಬದಲಾಯಿತು. ಮೊದಲು ತೊಲೆಗೆ ತಕ್ಕಡಿ ಕಟ್ಟಿ ಮಗುವನ್ನು ಜೋಲಿಯಲ್ಲಿ ಕೂಡಿಸುತ್ತಿದ್ದೆವು. ಹೆದರಿ ಅದರಲ್ಲೇ ಉಚ್ಚೆ ಹೊಯ್ಯುತ್ತಿದ್ದವು. ಈಗ ನಿಲ್ಲುವ ಯಂತ್ರ. ಎಲ್ಲ ಲೆಕ್ಕ ಮೊಬೈಲಿಗೆ. ಸುಮಂಗಲಾ ಟೀಚರ್ ನೆಟ್‌ವರ್ಕ್ ಸಿಗಲೆಂದು ಅಂಗಳದ ಕಟ್ಟೆ ಹತ್ತಿ ಕೈ ಮೇಲೆತ್ತಿ ಗೊಂಬೆಯಂತೆ ನಿಂತಿರುತ್ತಿದ್ದಳು.

"ಫೋಟೋ ಹೋಗವಲ್ದು ನೋಡ್ರಿ ಅಕ್ಕಾ. ನೀವ ಒಂದು ಕತಿ ಹೇಳಿ ಮಕ್ಕಳನ್ನ ಹಿಡೀರಿ," ಎನ್ನುತ್ತಿದ್ದಳು.

ಹೀಗೆ ಕಥೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ದಾರದ ಮೇಲೆ ಇದ್ದ ಪುಸ್ತಕಗಳಲ್ಲಿ ಒಂದು ತೆಳ್ಳನೆಯದು. ಎಂಟು ಹಾಳೆ. ಒಬ್ಬ ಹುಡುಗಿ, ಅವಳ ನೆರಳು. ಬೆಳಿಗ್ಗೆ ನೆರಳು ಉದ್ದ, ಮಧ್ಯಾಹ್ನ ಗಿಡ್ಡ, ಸಂಜೆ ಮತ್ತೆ ಉದ್ದ. ಪ್ರತಿ ಚಿತ್ರದ ಕೆಳಗೆ ಒಂದೋ ಎರಡೋ ಗೆರೆ ಅಕ್ಷರ. ಅಕ್ಷರದ ಕೆಳಗೆ ಬೆರಳು ಎಳೆಯಬೇಕು ಎಂಬುದನ್ನು ಟೀಚರ್ ಮಾಡುವಾಗ ನೋಡಿದ್ದೆ. ನಾನೂ ಎಳೆದೆ. ಬಾಯಲ್ಲಿ ಚಿತ್ರ ನೋಡಿ ಹೊಳೆದದ್ದನ್ನು ಹೇಳಿದೆ.

"ನೆಳ್ಳು ರಾತ್ರಿ ಹೊಟ್ಟಿ ತುಂಬ ಉಂಡಿತ್ತು, ಅದಕ್ಕ ಮುಂಜಾನಿ ಉದ್ದ ಐತಿ. ಹೊತ್ತು ಏರಿದಂಗ ಹಸಿವು. ಹಸಿದು ಹಸಿದು ಸಣ್ಣಾಗಿ, ಮಧ್ಯಾಹ್ನಕ್ಕ ಹುಡುಗಿ ಕಾಲಿಗೆ ಬಂದು ಬಿತ್ತು. 'ಯವ್ವಾ, ಒಂದು ತುತ್ತು ನೀಡ' ಅಂತು. ಹುಡುಗಿ ತನ್ನ ರೊಟ್ಟ್ಯಾಗಿಂದು ಮುರಿದು ಕೊಟ್ಲು. ಉಂಡು ಉಂಡು ಸಂಜಿಕ ಮತ್ತ ಮಾರುದ್ದ ಆತು."

ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು. ನನ್ನ ಕಥೆಯ ಮೇಲೆ ನನಗೇ ಮೋಹ. ಎರಡು ವರ್ಷ ಅದನ್ನೇ ಹೇಳಿದೆ. ಕೇಳಿದ ಮಕ್ಕಳು ಒಂದನೇ ತರಗತಿಗೂ ಹೋದವು. ಶಾಲೆಯ ಅಡುಗೆಯವಳು ಒಮ್ಮೆ ನೀರಿನ ಟಾಕಿಯ ಹತ್ತಿರ ಸಿಕ್ಕು, "ಒಂದನೇತ್ತೇ ಹುಡುಗ್ರು ತತ್ತಿ ಮುರದು ನೆಲಕ್ಕ ಇಡ್ತಾವ ಗುರುಬಾಯಿ, ಯಾವ ದೇವರಿಗೆ ಅಂತೀನಿ," ಎಂದು ನಕ್ಕಳು. ನಾನೂ ನಕ್ಕೆ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಆ ವರ್ಷ ನಮ್ಮ ಕೇಂದ್ರದಲ್ಲಿ ಮುಸ್ಕಾನ ಎಂಬ ಹುಡುಗಿ. ಐದು ತುಂಬಿತ್ತು. ಕೈ ಕಾಲು ಜೋಳದ ದಂಟು. ತಾಯಿ ಹೊಲದ ಕೂಲಿಗೆ ಹೋದರೆ ಅಜ್ಜಿ ದಾವಲಬಿ ಕೈ ಹಿಡಿದು ತಂದು ಬಿಡುತ್ತಿದ್ದಳು. ದಾವಲಬಿ ನನ್ನ ವಾರಿಗೆಯವಳು, ಒಂದೇ ಬಾವಿಯ ನೀರು ಸೇದಿದವರು ನಾವು. ಮುಸ್ಕಾನಳ ತೂಕದ ಚುಕ್ಕೆ ಕಾರ್ಡಿನ ಹಸಿರು ಬಿಟ್ಟು ಹಳದಿಗೆ ಇಳಿದು, ಕೆಂಪಿನ ಅಂಚಿಗೆ ಬಂದು ಕೂತಿತ್ತು. ಅಂಥ ಮಕ್ಕಳಿಗೆ ತತ್ತಿ ಹೆಚ್ಚಿಗೆ ಕೊಡಬೇಕೆಂದು ಆದೇಶ. ಕೊಟ್ಟೆ. ಎರಡು ತಿಂಗಳು ಕೊಟ್ಟರೂ ಚುಕ್ಕೆ ಏರಲಿಲ್ಲ.

ಆಗಿನ ಮೇಲ್ವಿಚಾರಕಿಗೆ ನಾವು ಬಾಯಾರು ಎನ್ನುತ್ತಿದ್ದೆವು. ಮುದ್ದೇಬಿಹಾಳದಿಂದ ಬದಲಿಯಾಗಿ ಬಂದವರು. ದಪ್ಪ ಹೆಂಗಸು, ಕಟುವಾದ ಮಾತು, ಆದರೆ ಕೆಲಸ ಬಲ್ಲವರು. ಯಂತ್ರದ ಮೇಲೆ ಮುಸ್ಕಾನಳನ್ನು ಎರಡು ಸಲ ನಿಲ್ಲಿಸಿ ಕಾರ್ಡು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಗುರುಬಾಯಿ, ತತ್ತಿ ಈ ಹುಡುಗಿ ಹೊಟ್ಟಿಗೆ ಹೊಂಟಾವೋ, ನಿಮ್ಮ ಮನಿಗೆ ಹೊಂಟಾವೋ?"

"ನನ್ನ ಮನ್ಯಾಗ ಯಾರೂ ತತ್ತಿ ತಿನ್ನಾಂಗಿಲ್ರಿ."

"ತಿನ್ನಾಂಗಿಲ್ಲ ಅಂದ್ರ ಮಾರಾಕ ಬರಾಂಗಿಲ್ಲೇನು? ಪಂಚಮಿ ಆದಮ್ಯಾಲ ಮತ್ತ ಬರ್ತೀನಿ. ಚುಕ್ಕಿ ಏರದಿದ್ರ ಬರದು ಕಳಸ್ತೀನಿ."

ಇಪ್ಪತ್ತೊಂಬತ್ತು ವರ್ಷ ದುಡಿದವಳಿಗೆ ಇಪ್ಪತ್ತು ಮಕ್ಕಳ ಮುಂದೆ ಹಾಗೆ ಅಂದರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸಿಟ್ಟು ಕೆಲಸಕ್ಕೆ ಬರುತ್ತದೆ. ಮರುದಿನ ಊಟದ ಹೊತ್ತಿಗೆ ಮುಸ್ಕಾನಳ ಮೇಲೆ ಕಣ್ಣಿಟ್ಟೆ.

ಹುಡುಗಿ ಅನ್ನ ಉಂಡಳು. ತತ್ತಿಯನ್ನು ಮುಷ್ಟಿಯಲ್ಲಿ ಹಿಡಿದು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದಳು. ನೆತ್ತಿ ಸುಡುವ ಬಿಸಿಲು. ಪಕ್ಕದ ಮನೆಯ ಕೆಂಪು ಕೋಳಿ, ಗಂಟೆ ಹೊಡೆದಂತೆ, ಗೋಡೆ ಹಾರಿ ಬಂದು ಕಾಯುತ್ತ ನಿಂತಿತು. ಮುಸ್ಕಾನ ಕುಕ್ಕರಗಾಲಲ್ಲಿ ಕುಳಿತು, ತನ್ನ ಪಾದದ ಹತ್ತಿರ ಮುದುಡಿಕೊಂಡಿದ್ದ ನೆರಳಿನ ತಲೆ ಎಲ್ಲಿದೆ ಎಂದು ತಲೆ ಅಲ್ಲಾಡಿಸಿ ಗೊತ್ತು ಮಾಡಿಕೊಂಡಳು. ಅಲ್ಲಿ ಅರ್ಧ ತತ್ತಿ ಇಟ್ಟಳು. "ತಿನ್ನ, ನನ್ನವ್ವ," ಎಂದಳು. ಉಳಿದರ್ಧವನ್ನೂ ಇಟ್ಟಳು. ಆಚೆ ತಿರುಗಿ ಎದ್ದು ಹೋದಳು. ಉಣ್ಣುವವರನ್ನು ನೋಡಬಾರದು ಎಂದು ನಾನೇ ಕಲಿಸಿದ್ದೆ. ಅವಳು ಹೋದ ಮೇಲೆ ಕೋಳಿ ಬಂದು ತಿಂದಿತು. ಕೋಳಿ ದುಂಡಗಾಗಿತ್ತು.

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಶಾಲೆಯ ಅಡುಗೆಯವಳ ನಗು ಈಗ ಅರ್ಥವಾಯಿತು.

ಮಕ್ಕಳು ಮಲಗಿದ ಮೇಲೆ ಮುಸ್ಕಾನಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದೆ. "ನೆಳ್ಳಿಗೆ ಬಾಯಿಲ್ಲ, ಹೊಟ್ಟಿಲ್ಲ. ಅದು ಉಣ್ಣಾಂಗಿಲ್ಲ. ತತ್ತಿ ನೀ ತಿನ್ನು."

"ಉಣ್ತದ. ನಾ ಇಟ್ಟದ್ದು ಖಾಲಿ ಆಗ್ತೈತಿ. ಸಂಜಿಕ ಉದ್ದ ಆಗ್ತೈತಿ."

"ಅದನ್ನ ಕೋಳಿ ತಿಂತೈತಿ."

"ಪುಸ್ತಕದಾಗ ಬರದೈತಿ. ನೀನ ಓದೀದಿ."

"ಪುಸ್ತಕದಾಗ ಹಂಗಿಲ್ಲ."

ಅವಳು ಇಳಿದು ಹೋಗಿ ದಾರದಿಂದ ಪುಸ್ತಕ ತಂದಳು. ಮಧ್ಯಾಹ್ನದ ಚಿತ್ರ ತೆಗೆದಳು. ಗೆರೆಯ ಮೇಲೆ ಬೆರಳಿಟ್ಟು ಕೊನೆಯವರೆಗೆ ಎಳೆದಳು. ಆಮೇಲೆ ಕೇಳಿದಳು, "ಆಯಿ, ನೀ ಅಷ್ಟು ಮಾತು ಹೇಳ್ತಿ. ಗೆರಿ ಇಷ್ಟ ಐತಿ. ಅಷ್ಟೂ ಇದರಾಗ ಹ್ಯಾಂಗ ಹಿಡಿಸ್ತಾವ?"

ಐದು ವರ್ಷದ ಮಗು. ಎರಡು ವರ್ಷದಲ್ಲಿ ಟೀಚರ್ ಕೇಳಲಿಲ್ಲ, ಬಾಯಾರು ಕೇಳಲಿಲ್ಲ, ನನ್ನ ಮನಸ್ಸು ಕೇಳಲಿಲ್ಲ. ಬೆಳಕಿಂಡಿಯ ಬಿಸಿಲು ಆಗ ನಮ್ಮಿಬ್ಬರ ಕಾಲ ಹತ್ತಿರ ಇತ್ತು. ಅದನ್ನು ನೋಡುತ್ತ ಹೇಳಿದೆ.

"ನನಗ ಓದಾಕ ಬರಾಂಗಿಲ್ಲ. ಚಿತ್ರ ನೋಡಿ ಹೇಳೀನಿ."

"ಸುಳ್ಳು ಹೇಳೀದಿ?"

"ಹೌದು."

ಅವಳು ಅಳಲಿಲ್ಲ. "ಹಂಗಾದ್ರ ಇಲ್ಲಿ ಖರೇ ಏನೈತಿ?" ಎಂದಳು.

ಅಂಗಳದ ಕಟ್ಟೆಯ ಮೇಲೆ ಫೋನು ಎತ್ತಿ ನಿಂತಿದ್ದ ಸುಮಂಗಲಾಳ ಸೆರಗನ್ನು ಹಿಡಿದು ಎಳೆದು ಕೆಳಗಿಳಿಸಿದೆವು. ಅವಳಿಗೂ ಇದ್ದದ್ದನ್ನು ಇದ್ದಂತೆ ಹೇಳಿದೆ. ಒಂದು ಗಳಿಗೆ ನನ್ನನ್ನು ನೋಡಿದಳು. ಪುಣ್ಯಕ್ಕೆ ಸಮಾಧಾನದ ಮಾತು ಆಡಲಿಲ್ಲ. ಓದಿದಳು.

"'ಮಧ್ಯಾಹ್ನವಾಯಿತು. ನೆರಳು ಚಿಕ್ಕದಾಯಿತು.' ಅಷ್ಟ ಐತ್ರಿ."

"ಯಾಕ ಚಿಕ್ಕದಾತು ಅಂತ ಬರದಿಲ್ಲೇನ್ರಿ ಟೀಚರ್?" ಎಂದಳು ಮುಸ್ಕಾನ.

"ಕೆಳಗ ಇನ್ನೊಂದು ಗೆರಿ ಐತಿ ತಡಿ. 'ಏಕೆ? ನೀವೂ ನೋಡಿ.'"

ನೀವೂ ನೋಡಿ. ಆ ಗೆರೆ ಎರಡು ವರ್ಷದಿಂದ ಅಲ್ಲೇ ಇತ್ತು. ಅದರ ಮೇಲೆ ನಾನು ನನ್ನ ಹರಟೆ ಸುರಿದು ಮುಚ್ಚಿ ಹಾಕಿದ್ದೆ.

ನೋಡುವುದೆಂದು ಗೊತ್ತಾಯಿತು. ಮುಸ್ಕಾನಳ ಷರತ್ತು ಇದು: ಅವಳು ತತ್ತಿಯನ್ನು ಪೂರ್ತಿ ತಿನ್ನಬೇಕು, ನೆರಳಿಗೆ ಏನೂ ಇಡಬಾರದು. ನೆರಳು ಸಂಜೆಗೆ ಬೆಳೆದರೆ ಅದಕ್ಕೆ ಹಸಿವಿಲ್ಲ. ಬೆಳೆಯದಿದ್ದರೆ ನಾನು ಮತ್ತೆ ಸುಳ್ಳಿ.

ಮೊದಲ ದಿನ ತಿಂದಳು. ಸಂಜೆ ನೆರಳು ಹಿತ್ತಲ ಗೋಡೆಯವರೆಗೆ ಬೆಳೆಯಿತು. "ನೋಡಿದಿ?" ಎಂದೆ.

"ನಿನ್ನೀದು ಇನ್ನೂ ಅದರ ಹೊಟ್ಯಾಗಿತ್ತು," ಎಂದಳು.

ಸುಮಂಗಲಾ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಈ ಹುಡುಗಿ ವಕೀಲಕಿ ಆಗ್ತಾಳ. ಒಂದ ದಿನಕ್ಕ ಒಪ್ಪಾಂಗಿಲ್ಲ. ಕೋಲು ಹುಗದು ದಿನಾ ಅಳೀರಿ."

ಹಿತ್ತಲಿನಲ್ಲಿ ಒಂದು ನೇರ ಕೋಲು ಹುಗಿದೆವು. ಮುಸ್ಕಾನಳ ಎತ್ತರದ್ದು. ನೆರಳಿಗೆ ಹಸಿವು ಹೆಚ್ಚುವ ಮಧ್ಯಾಹ್ನವೇ ಅಳೆಯಬೇಕು ಎಂದು ಅವಳ ಹಟ; ಆ ಹೊತ್ತಿಗೆ ಅದರ ಹತ್ತಿರ ಕುಳಿತು ನೆರಳಿನ ತುದಿಗೆ ಒಂದು ಹರಳು ಇಡುವಳು. ಸರಿದಂತೆಲ್ಲ ಇನ್ನೊಂದು. ಕೋಲಿಗೆ ಎಲ್ಲಕ್ಕಿಂತ ಹತ್ತಿರದ ಹರಳನ್ನು ಬೆರಳಿನಿಂದ ಅಳೆಯುವುದು. ಮೊದಲ ದಿನ ಐದು ಬೆರಳು. ಮೋಡ ಕವಿದ ದಿನ ಅಳತೆ ಇಲ್ಲ. ಆ ದಿನಗಳಲ್ಲಿ ಗಾಳಿ ಭೋರ್ ಎನ್ನುತ್ತಿತ್ತು, ಮೋಡದ ನೆರಳುಗಳು ಕರಿ ಹೊಲದ ಮೇಲೆ ದನದ ಹಿಂಡಿನಂತೆ ಸರಿದು ಹೋಗುತ್ತಿದ್ದವು. ನಾವಿಬ್ಬರೂ ತಲೆಯ ಮೇಲೆ ಸೆರಗು ಹೊದ್ದು, ಬಿಸಿಲು ಬರಲಿ ಎಂದು ಕಾಯುತ್ತ ಕೂಡುತ್ತಿದ್ದೆವು. ಕೋಳಿ ದೂರದಲ್ಲಿ ನಿಂತು ಬೇಸರದಿಂದ ನೋಡುತ್ತಿತ್ತು.

ಕಾಯುವಾಗ ಪುಸ್ತಕ ತೊಡೆಯ ಮೇಲೆ. ಟೀಚರ್ 'ನೆರಳು' ಎಂಬುದು ಯಾವುದು ಎಂದು ತೋರಿಸಿದ್ದಳು. ಅದು ಎಂಟೂ ಹಾಳೆಯಲ್ಲಿತ್ತು. ಹೇನು ಹುಡುಕಿದಂತೆ ಹುಡುಕಿದೆವು. ಮುಸ್ಕಾನ ನನಗಿಂತ ಮುಂಚೆ ಹಿಡಿಯುತ್ತಿದ್ದಳು. ಒಂದು ದಿನ ನಾನು, "ಈ ಮಾತು ನಮ್ಮ ಯಾವ ಡಬ್ಬಿ ಮ್ಯಾಲೂ ಇಲ್ಲ," ಎಂದೆ. "ಇದರ ಮೊದಲಿನ ಅಕ್ಷರ ನೆಲ್ಲಿಕಾಯಿ ಚಿತ್ರದ ಕೆಳಗ ಐತಿ," ಎಂದು ಗೋಡೆಯ ಪಟ ತೋರಿಸಿದಳು. ನಿಜ. ಅಕ್ಷರ ಬಿಡಿಬಿಡಿಯಾಗಿ ಇನ್ನೊಂದು ಮಾತಿನಲ್ಲೂ ಹೋಗಿ ಕೂಡುತ್ತದೆ ಎಂಬುದು ನನಗೆ ಅಂದು ತಿಳಿಯಿತು. ಐವತ್ತೊಂಬತ್ತು ವರ್ಷ ಮಾತೆಲ್ಲ ಇಡಿ ಇಡಿ ಎಮ್ಮೆ ಎಂದುಕೊಂಡಿದ್ದೆ.

ಇಲ್ಲಿಯವರೆಗೆ ಚಂದ. ಆದರೆ ಕೋಲಿನ ನೆರಳು ದಿನದಿನಕ್ಕೆ ಕುಗ್ಗತೊಡಗಿತು. ಐದು ಬೆರಳಿದ್ದದ್ದು ನಾಲ್ಕಾಯಿತು. ಮುಂದಿನ ವಾರ ಮೂರು. ನನಗೆ ಇದು ಗೊತ್ತಿರಲಿಲ್ಲ. ಸುಮಂಗಲಾಳಿಗೂ ಗೊತ್ತಿರಲಿಲ್ಲ. ಮಧ್ಯಾಹ್ನದ ನೆರಳು ಎಂದರೆ ದಿನಾ ಒಂದೇ ಎಂದುಕೊಂಡಿದ್ದೆವು.

"ಸೊರಗಾಕತ್ತೈತಿ," ಎಂದಳು ಮುಸ್ಕಾನ. "ಮೊದಲು ಹಸರ ಇತ್ತು. ಈಗ ಹಳದಿಗೆ ಬಂದೈತಿ."

ತನ್ನ ಕಾರ್ಡಿನ ಮಾತನ್ನೇ ನೆರಳಿಗೆ ಹಚ್ಚಿದ್ದಳು. ಎರಡು ಬೆರಳಿಗೆ ಬಂದ ದಿನ ತತ್ತಿಯನ್ನು ಬಾಯಲ್ಲಿ ಇಟ್ಟುಕೊಂಡು ನುಂಗದೆ ಕುಳಿತಳು. ಒಂದೂವರೆ ಬೆರಳಾದಾಗ ಮುಟ್ಟಲೇ ಇಲ್ಲ. ಕೋಳಿಗೆ ಮಾತ್ರ ಹಾಕಲಿಲ್ಲ. ಷರತ್ತು ಷರತ್ತೇ. ತಾನೂ ತಿನ್ನಳು, ನೆರಳಿಗೂ ಇಡಳು. ಮನೆಯಲ್ಲೂ ಅರ್ಧ ರೊಟ್ಟಿಗೆ ಏಳತೊಡಗಿದಳು.

ದಾವಲಬಿ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ.

"ಏನ್ ತುಂಬೀದಿ ಗುರುಬಾಯಿ ಈ ಕೂಸಿನ ತಲ್ಯಾಗ? ನೆಳ್ಳು ಸಾಯ್ತೈತಿ ಅಂತ ನಿದ್ದ್ಯಾಗ ಬಡಬಡಸ್ತಾಳ. ದಪ್ಪ ಆಗ್ಲಿ ಅಂತ ನಿನ್ನ ಕೈಯಾಗ ಕೊಟ್ರ, ಇದ್ದದ್ದೂ ಇಳಿಸೀದಿ."

"ತಪ್ಪು ನಂದ ಐತಿ. ಪಂಚಮಿ ಮುಗೀಲಿ. ಅಷ್ಟ್ರಾಗ ಸರಿ ಮಾಡ್ತೀನಿ."

"ಸರಿ ಆಗದಿದ್ರ ನಾ ಕಳಸಾಂಗಿಲ್ಲ ನೋಡು. ಮನ್ಯಾಗ ಮೇಕಿ ಕಾಯ್ಲಿ. ಮೇಕಿಯರ ಸುಳ್ಳು ಹೇಳಾಂಗಿಲ್ಲ."

 

ನಾಗರ ಪಂಚಮಿ ಬಂತು. ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿದರು. ಊರಿನ ಮಕ್ಕಳೆಲ್ಲ ಕೈಯಲ್ಲಿ ಜೋಳದ ಅಳ್ಳು, ಶೇಂಗಾ ಉಂಡಿ ಹಿಡಿದು ತೇಲಾಡಿದವು. ಮುಸ್ಕಾನಳನ್ನೂ ಕೂಡಿಸಿ ಜೀಕಿದೆ. ಅವಳು ಮೇಲಕ್ಕೆ ಹೋದಾಗ ಕೆಳಗೆ ಜೋಕಾಲಿಯ ನೆರಳು ನೆಲದ ಮೇಲೆ ಹೊಳೆಯ ಮೀನಿನಂತೆ ಆಚೆ ಈಚೆ ಓಡುವುದನ್ನೇ ನೋಡುತ್ತಿದ್ದಳು. ಕೈಯ ಉಂಡಿ ಕೈಯಲ್ಲೇ ಉಳಿಯಿತು.

ಹಬ್ಬ ಮುಗಿದು ನಾಲ್ಕನೆಯ ದಿನ ಬಾಯಾರು ಬಂದರು. ಬಂದವರೇ ಯಂತ್ರ ತೆಗೆಸಿದರು. ಮುಸ್ಕಾನಳನ್ನು ನಿಲ್ಲಿಸಿದರು. ಚುಕ್ಕೆ ಏರಿರಲಿಲ್ಲ. ಒಂದು ಕೂದಲೆಳೆ ಇಳಿದಿತ್ತು. ಬಾಯಾರು ಚೀಲದಿಂದ ಕಾಗದ ತೆಗೆದರು. ನಾನು ತತ್ತಿಯ ಕಥೆಯನ್ನು, ಅಕ್ಷರ ಬಾರದ್ದನ್ನು, ಕೋಳಿಯನ್ನು, ಏನನ್ನೂ ಬಿಡದೆ ಹೇಳಿದೆ. ಅವರು ಪೆನ್ನು ಹಿಡಿದುಕೊಂಡೇ ಕೇಳಿದರು.

ಅಷ್ಟರಲ್ಲಿ ಹಿತ್ತಲಿನಿಂದ ಮುಸ್ಕಾನಳ ಚೀರಾಟ.

ಓಡಿದೆವು. ಮೋಡ ಒಡೆದು ಬಿಸಿಲು ಸುರಿಯುತ್ತಿತ್ತು. ಕೋಲು ನಿಂತಿತ್ತು. ನೆರಳು ಇರಲಿಲ್ಲ. ಗಿಡ್ಡ ಅಲ್ಲ, ಇಲ್ಲವೇ ಇಲ್ಲ. ಎಲ್ಲಿಂದ ನೋಡಿದರೂ ಕೋಲಿನ ಬುಡದಲ್ಲಿ ಬರೀ ಮಣ್ಣು. ಹುಡುಗಿ ತನ್ನ ಸುತ್ತ ತಾನೇ ತಿರುಗಿ ನೋಡಿಕೊಂಡಳು. ಅವಳದೂ ಇರಲಿಲ್ಲ. ಪಾದದ ಅಡಿಗೆ ಸೇರಿಹೋಗಿತ್ತು.

"ಸತ್ತು ಹೋತು! ನಾ ಉಣ್ಣಸ್ಲಿಲ್ಲ, ಅದಕ್ಕ ಸತ್ತು ಹೋತು!"

ಎತ್ತಿಕೊಳ್ಳಲು ಹೋದರೆ ಎದೆಗೆ ಒದ್ದಳು. ಒಂದು ಕ್ಷಣ, ಬರೆಯಲು ನಾಚಿಕೆ, ಸತ್ತಿತೇನೋ ಎಂದು ನನಗೂ ಅನ್ನಿಸಿತು.

ಮುಸ್ಕಾನ ಅಳುತ್ತಲೇ ಬಾಯಾರ ಕಾಲ ಬುಡವನ್ನು ನೋಡಿದಳು. ಅಲ್ಲೂ ಇಲ್ಲ. ಅಳು ಅರ್ಧಕ್ಕೆ ನಿಂತಿತು.

"ಬಾಯಾರ, ನೀವೂ ಇವತ್ತು ಉಂಡಿಲ್ಲೇನ್ರಿ?"

ಬಾಯಾರು ತಮ್ಮ ದಪ್ಪ ಮೈಯ ಸುತ್ತ ಬಗ್ಗಿ ನೋಡಿಕೊಂಡರು. "ಮುಂಜಾನಿ ನಾಕು ಇಡ್ಲಿ ತಿಂದೀನವ್ವ," ಎಂದರು. ಪಾಪ, ನಿಜ ಹೇಳಿದರು.

"ಆಯಿ, ನಿಂದು?"

"ಎರಡು ರೊಟ್ಟಿ, ಝುಣಕ."

"ಟೀಚರ್‌ದೂ ಇಲ್ಲ. ಕೋಳೀದೂ ಇಲ್ಲ." ಒಂದೊಂದೇ ಬೆರಳು ಮಡಿಸಿದಳು. "ಹಂಗಾದ್ರ ಎಲ್ಲಾರ್ವೂ ಸತ್ತಾವ."

ಸುಮಂಗಲಾ ಬಾಯಿ ತೆರೆದಳು. ಬಾಯಾರು ಅವಳ ಕೈ ಹಿಡಿದು, "ಸುಮ್ಮನಿರು, ಹೇಳಬ್ಯಾಡ. ಅಕಿ ನೋಡ್ಲಿ," ಎಂದರು. ನನ್ನನ್ನು ಕಳ್ಳಿ ಎಂದವರೇ ಅವರು. ಅಂದಿನಿಂದ ಅವರ ಮೇಲೆ ನನಗೆ ಗೌರವ.

ಬಾಯಾರು ಹಿತ್ತಲಿನ ಕಲ್ಲಿನ ಮೇಲೆ ಕುಳಿತರು. ಮುಂದಿನ ಊರಿನ ಕೇಂದ್ರಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ನಾಲ್ವರೂ ಕೋಲಿನ ಸುತ್ತ ಕುಳಿತೆವು. ಒಳಗೆ ಮಕ್ಕಳು ತಮ್ಮ ಪಾಡಿಗೆ ತಾವು ಮಲಗಿದ್ದವು. ನನ್ನ ಕಣ್ಣು ತೆರೆದ ಬಾಗಿಲಿನಿಂದ ಒಳಗೆ ಹೋಯಿತು. ಬೆಳಕಿಂಡಿಯ ಬಿಸಿಲು ಓರೆಯಾಗಿ ಅಲ್ಲ, ನೆಟ್ಟಗೆ, ಕಂಬ ನಿಲ್ಲಿಸಿದಂತೆ ನಿಂತಿತ್ತು. ಕಿಂಡಿಯ ನೇರ ಕೆಳಗೆ ಬಿಸಿಲಿನ ರೊಟ್ಟಿ. ಪ್ರತಿ ವರ್ಷ ಪಂಚಮಿಯ ಆಸುಪಾಸು ಆ ಕಂಬವನ್ನು ನೋಡಿದ್ದೆ. ಇಪ್ಪತ್ತೊಂಬತ್ತು ಸಲ. ಅದರ ಅಡಿ ಬರುವ ಮಗುವನ್ನು ಆಚೆ ಸರಿಸಿ ಮಲಗಿಸಿದ್ದೆ, ಅಷ್ಟೇ.

ಮುಸ್ಕಾನಳನ್ನು ಕರೆದು ತೋರಿಸಿದೆ. ಅವಳು ಕಂಬದೊಳಗೆ ಹೋಗಿ ನಿಂತಳು. ಧೂಳು ಅವಳ ಕೂದಲಿನ ಮೇಲೆ ಹೊಳೆಯುತ್ತ ಇಳಿಯಿತು. ತಲೆ ಎತ್ತಿ ಕಿಂಡಿಯೊಳಗೆ ನೋಡಿ ಕಣ್ಣು ಕಿವುಚಿದಳು. ಹಾಗೆ ನೋಡಬಾರದೆಂದು ಕೈ ಅಡ್ಡ ಹಿಡಿದೆ.

"ಸೂರ್ಯ ಮಾಳಿಗಿ ಮ್ಯಾಲ ಬಂದು ನಿಂತಾನ," ಎಂದಳು. ತನಗೆ ತಾನೇ ಹೇಳಿಕೊಂಡಂತೆ.

ಮತ್ತೆ ಹೊರಗೆ ಓಡಿದಳು. ಕೋಲಿನ ಮುಂದೆ ಹೊಟ್ಟೆಯ ಮೇಲೆ ಮಲಗಿ, ಗಲ್ಲವನ್ನು ಮಣ್ಣಿಗೆ ಹಚ್ಚಿ, ಬುಡವನ್ನೇ ನೋಡುತ್ತ ಉಳಿದಳು. ಮೊದಲು ಒಂದು ಎಳೆ ದಾರದಷ್ಟು ಕಪ್ಪು, ಮೂಡಲ ಕಡೆಗೆ. ಅವಳು ಅದಕ್ಕೊಂದು ಹರಳು ಇಟ್ಟಳು. ಆಮೇಲೆ ಒಂದು ಬೆರಳು. ಆಮೇಲೆ ಎರಡು. ಅರ್ಧ ತಾಸಿಗೆ ಒಂದು ಗೇಣಿನ ಹತ್ತಿರ.

"ಯಾರರ ಉಣ್ಣಿಸಿದ್ರೇನ್ರಿ?" ಎಂದು ನಮ್ಮ ಮೂವರ ಕೈಗಳನ್ನೂ ಬಿಡಿಸಿ ನೋಡಿದಳು. ಖಾಲಿ. ಕೋಳಿಯನ್ನು ನೋಡಿದಳು. ಕೋಳಿ ಗೋಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

"ಸತ್ತದ್ದು ಎದ್ದು ಬರಾಂಗಿಲ್ಲಲ ಆಯಿ?"

"ಬರಾಂಗಿಲ್ಲ."

"ಹಂಗಾದ್ರ ಇದು ಸತ್ತಿರಲಿಲ್ಲ. ಹಸಿದೂ ಇರಲಿಲ್ಲ. ಸೂರ್ಯ ಸರದಂಗ ಇದು ಸರೀತೈತಿ."

ಇಷ್ಟು ಹೇಳಿ ಮಣ್ಣು ಮೆತ್ತಿದ ಕೈ ಚಾಚಿದಳು. "ನನ್ನ ತತ್ತಿ ಎಲ್ಲೈತಿ?"

ಸೆರಗಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದೆ. ಕೊಟ್ಟೆ. ಎರಡು ತುತ್ತಿಗೆ ತಿಂದಳು. ಬಾಯಿ ತುಂಬಿರುವಾಗಲೇ, "ಪುಸ್ತಕದಾಗ ತಪ್ಪೈತಿ. ಚಿಕ್ಕದಾಯಿತು ಅಂತ ಬರದಾರ. ಇವತ್ತು ಇಲ್ಲ ಅಂತ ಬರೀಬೇಕಿತ್ತು," ಎಂದಳು. ಬಾಯಾರು ಪೆನ್ನನ್ನು ಅವಳ ಕೈಗೆ ಕೊಟ್ಟರು. ನನ್ನ ಮೇಲೆ ಬರೆಯಲು ತೆಗೆದ ಕಾಗದದ ಮೇಲೆ ಅವಳು ಒಂದು ಕೋಲು ಬರೆದಳು, ಕೆಳಗೆ ವಕ್ರವಾಗಿ 'ನೆರಳು' ಎಂದು ಬರೆದು, ಅದನ್ನು ಗೀಚಿ ಹೊಡೆದಳು.

ಹೋಗುವಾಗ ಬಾಯಾರು, "ಆತು ಗುರುಬಾಯಿ, ಇಲ್ಲಿಗೆ ಮುಗೀತು. ಹೊರಗ ಹೇಳಬ್ಯಾಡ್ರಿ, ನಿಮಗ ಒಂಬತ್ತು ತಿಂಗಳು ಉಳದೈತಿ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಮುಗಿದಿರಲಿಲ್ಲ. ನನ್ನ ಕಥೆ ಕೇಳಿದ ಹಿಂದಿನ ವರ್ಷದ ಮಕ್ಕಳು ಶಾಲೆಯಲ್ಲಿ ಇನ್ನೂ ತತ್ತಿ ಮುರಿದು ನೆಲಕ್ಕೆ ಇಡುತ್ತಿದ್ದವು.

ಮರುದಿನ ಬೆಳಿಗ್ಗೆ ಕಸ ಗುಡಿಸಿ, ನೀರು ತುಂಬಿ, ಕೋಲನ್ನು ಕಿತ್ತುಕೊಂಡು, ದಾರದಿಂದ ಪುಸ್ತಕ ತೆಗೆದುಕೊಂಡು, ದಾವಲಬಿಯ ಮನೆಯಿಂದ ಮುಸ್ಕಾನಳನ್ನು ಕರೆದುಕೊಂಡು ಶಾಲೆಗೆ ಹೋದೆ. ಒಂದನೇ ತರಗತಿಯ ಬಾಗಿಲಲ್ಲಿ ನಿಂತು ಗುರುಗಳ ಅಪ್ಪಣೆ ಕೇಳಿದೆ. ನನಗೆ ಓದಲು ಬರುವುದಿಲ್ಲ, ನಿಮಗೆ ಹೇಳಿದ್ದು ನನ್ನ ಸುಳ್ಳು ಎಂದು ಆ ಮಕ್ಕಳಿಗೆ ಹೇಳಿದೆ. ಮಧ್ಯಾಹ್ನದ ಹಾಳೆ ತೆಗೆದು ಗೆರೆಯ ಕೆಳಗೆ ಬೆರಳಿಟ್ಟೆ. ಬೆರಳು ತಪ್ಪಿದಲ್ಲಿ ಮುಸ್ಕಾನ ಸರಿಸಿದಳು. ಒಂದೊಂದೇ ಅಕ್ಷರ ಕೂಡಿಸಿ, ಬೆವರುತ್ತ, ಅಲ್ಲಿ ಇದ್ದದ್ದನ್ನಷ್ಟೇ ಓದಿದೆ. ನೀವೂ ನೋಡಿ. ಪುಸ್ತಕ ಮುಚ್ಚಿ, ಅಂಗಳಕ್ಕೆ ಇಳಿದು ಕೋಲು ಹುಗಿದೆ.